ಹೆಸರಿಲ್ಲದ ಹಳೇ ಪೂಲ್ ಕ್ಯೂ, ಚೀಟಿಯಲ್ಲಿ ಮಾತ್ರ ‘ಬಾಲಬುಷ್ಕಾ’. ಮಾಡಿದ್ದು ಯಾರು?

ಒಂಬತ್ತನೇ ಚೆಂಡು:
ಎಲ್ಲರಿಗೂ ನಮಸ್ಕಾರ. ಸೋದರಮಾವ ತೀರಿಕೊಂಡ ಮೇಲೆ ಅವರ ಕೋಣೆ ಖಾಲಿ ಮಾಡುವಾಗ ಬೀರುವಿನ ಹಿಂದೆ ಉದ್ದನೆಯ ಚರ್ಮದ ಚೀಲವೊಂದು ಸಿಕ್ಕಿತು. ಒಳಗೆ ಎರಡು ತುಂಡಿನ ಪೂಲ್ ಕ್ಯೂ, ಅಂದರೆ ಪೂಲ್ ಮೇಜಿನ ಮೇಲೆ ಚೆಂಡು ಹೊಡೆಯುವ ಕೋಲು. ಜೊತೆಗೆ ಮಾವನ ಕೈಬರಹದ ಚೀಟಿ: ‘ಬಾಲಬುಷ್ಕಾ, 1965’. ಅಷ್ಟೇ. ಯಾರಿಂದ ಕೊಂಡರು, ಯಾವಾಗ ಕೊಂಡರು, ಒಂದೂ ಬರೆದಿಲ್ಲ.

ನಾನು ನೋಡಿದಷ್ಟು ಹೇಳುತ್ತೇನೆ. ಜೋಡಿಸಿದರೆ ಉದ್ದ 57 ಇಂಚು, ಕೂದಲೆಳೆ ಕಡಿಮೆಯೇ ಇರಬಹುದು. ತೂಕ 19.5 ಔನ್ಸ್. ಮುಂಭಾಗ ಮೇಪಲ್ ಮರ, ಅದರೊಳಕ್ಕೆ ಚಾಚಿದ ಕಡುಗಂದು ಬಣ್ಣದ ನಾಲ್ಕು ಪಾಯಿಂಟು (ಚೂಪಾದ ಮರದ ಮೊನೆ), ಪ್ರತಿಯೊಂದರ ಅಂಚಿಗೂ ತೆಳ್ಳನೆಯ ಬಣ್ಣದ ಪಟ್ಟಿಗಳು. ಜಾಯಿಂಟ್ ಸ್ಟೀಲು. ಹಿಡಿಗೆ ಹಸಿರು ಚುಕ್ಕೆಯ ಲಿನನ್ ದಾರ ಸುತ್ತಿದೆ, ಕೈಬೆವರಿಗೆ ಕಪ್ಪಾಗಿದೆ. ಬುಡದ ಹತ್ತಿರ ಒಂದು ಬಿಳಿ ಉಂಗುರ. ಎಲ್ಲೂ ಸಹಿ ಇಲ್ಲ, ಮುದ್ರೆ ಇಲ್ಲ. ಇದು ನಿಜಕ್ಕೂ ಅಮೆರಿಕದ ಕ್ಯೂ ತಯಾರಕ ಬಾಲಬುಷ್ಕಾ ಮಾಡಿದ್ದಾ?

ಚಾಕ್‌ಪುಡಿ:
ಸಹಿ ಇಲ್ಲದ ಹಳೇ ಕ್ಯೂ ಎಲ್ಲ ಬಾಲಬುಷ್ಕಾ ಆಗಿದ್ದಿದ್ದರೆ ಆ ಮನುಷ್ಯ ರಾತ್ರಿ ನಿದ್ದೇನೇ ಮಾಡಿರಬಾರದು. ಬೆಳ್ಳಗಿರೋದೆಲ್ಲ ಹಾಲಲ್ಲ ಸ್ವಾಮಿ.

ತಮಾಷೆ ಬಿಡಿ. ಜಾರ್ಜ್ ಬಾಲಬುಷ್ಕಾ 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, 1924ರಲ್ಲಿ ಅಮೆರಿಕಕ್ಕೆ ಬಂದವರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1959ರಿಂದ 1975ರಲ್ಲಿ ಸಾಯುವವರೆಗೆ ಕ್ಯೂ ಮಾಡಿದರು. ಒಬ್ಬನೇ ಕೂತು ಮಾಡಿದ ಕೆಲಸ, ಎಷ್ಟಂತ ಇರುತ್ತೆ? ಆದರೆ 1986ರಲ್ಲಿ ಬಂದ ಒಂದು ಹಾಲಿವುಡ್ ಸಿನಿಮಾದಲ್ಲಿ ಆ ಹೆಸರು ಕೇಳಿಸಿದ್ದೇ ತಡ, ಮನೆಮನೆಯ ಅಟ್ಟದಿಂದ ಬಾಲಬುಷ್ಕಾ ಉದುರೋಕೆ ಶುರುವಾಯ್ತು. ಮಜಾ ಏನಂದ್ರೆ ಆ ಸಿನಿಮಾದಲ್ಲಿ ತೋರಿಸಿದ ಕ್ಯೂ ಕೂಡ ಬಾಲಬುಷ್ಕಾ ಅಲ್ಲ. ಅದು ಜಾಸ್ ಕಂಪನಿಯದು, ಮೇರಿಲ್ಯಾಂಡಿನ ಡ್ಯಾನ್ ಜೇನ್ಸ್ ಅವರದು. ಸಾಲದ್ದಕ್ಕೆ ಜಪಾನಿನ ಆಡಂ ಕಂಪನಿ ಆಮೇಲೆ ಬಾಲಬುಷ್ಕಾ ಹೆಸರಿನ ಹಕ್ಕು ಪಡೆದು ಅದೇ ಹೆಸರಲ್ಲಿ ಕ್ಯೂ ಮಾರಿತು. ಹೀಗಾಗಿ ಹೆಸರು ನಿಜವಾಗಿದ್ದೂ ಕ್ಯೂ ಬೇರೆಯಾಗಿರೋದು ಸಾಧ್ಯ.

ಫೋಟೋ ಹಾಕಿ. ಚಂದಕ್ಕೆ ತೆಗೆದ ಪೂರ್ತಿ ಕ್ಯೂ ಫೋಟೋ ಬೇಡ. ಜಾಯಿಂಟಿನ ಎರಡೂ ಮುಖ, ಪಾಯಿಂಟುಗಳ ತುದಿ, ಬುಡದ ರಬ್ಬರು.

ಲೇತಿನ ಮುಂದೆ:
ನಾನು ರಿಪೇರಿ ಮಾಡುವವನು. ಮೊದಲು ಪಿನ್, ಅಂದರೆ ಎರಡು ತುಂಡು ಜೋಡಿಸುವ ಸ್ಕ್ರೂ, ಅಳೆಯಿರಿ. ಅದಕ್ಕೆ ನಟ್ ಹಾಕಿ ತಿರುಗಿಸಲು ಹೋಗಬೇಡಿ, ಏಣು (ಸ್ಕ್ರೂವಿನ ಸುರುಳಿ ಗೆರೆ) ಹಾಳಾಗುತ್ತದೆ. ಪಿನ್ ಪಕ್ಕ ಸ್ಕೇಲ್ ಹಿಡಿದು ಅರ್ಧ ಇಂಚಿಗೆ ಎಷ್ಟು ಏಣು ಬರುತ್ತದೆ ಎಣಿಸಿ. 7 ಬಂದರೆ ಇಂಚಿಗೆ 14, 9 ಬಂದರೆ 18. ದಪ್ಪ ಸುಮಾರು 8 ಮಿಲಿಮೀಟರ್ ಇದ್ದರೆ 5/16 ಇಂಚು, ಒಂಬತ್ತೂವರೆ ಇದ್ದರೆ 3/8. ಬರೆಯುವಾಗ ಮೊದಲು ದಪ್ಪ, ಆಮೇಲೆ ಇಂಚಿಗೆ ಎಷ್ಟು ಏಣು.

ಇದರಿಂದ ಏನು ತಿಳಿಯುತ್ತದೆ ಅಂದರೆ, 3/8-10 ಎಂದರೆ ವಿಸ್ಕಾನ್ಸಿನ್‌ನ ಮೆಕ್‌ಡರ್ಮಟ್ ನೆನಪಾಗಬೇಕು. 3/8-11 ಇದ್ದು ಎರಡೂ ಮುಖ ಚಪ್ಪಟೆಯಾಗಿ ಕೂತರೆ ಲಾಸ್ ವೇಗಸ್‌ನ ಜೆರಿ ಫ್ರಾಂಕ್ಲಿನ್ ಶುರುಮಾಡಿದ ಸೌತ್‌ವೆಸ್ಟ್ ದಾರಿ. 5/16-18 ಆದರೆ ಮ್ಯೂಚಿ, ಹ್ಯೂಬ್ಲರ್, ಇನ್ನೂ ಹತ್ತಾರು ಜನ. 5/16-14 ಇದ್ದು, ಶಾಫ್ಟಿನಿಂದ (ಮುಂದಿನ ತುಂಡು) ಹಿತ್ತಾಳೆಯ ಒಂದು ಸಣ್ಣ ಮೂತಿ ಹೊರಗೆ ಚಾಚಿ ಸ್ಟೀಲ್ ಕಾಲರ್ ಒಳಗೆ ಬಿಗಿಯಾಗಿ ಕೂರುತ್ತಿದ್ದರೆ ಅದಕ್ಕೆ ಪೈಲಟ್ ಜಾಯಿಂಟ್ ಅನ್ನುತ್ತೇವೆ. ಅಮೆರಿಕದ ಪೂರ್ವ ಭಾಗದ ಹಳೇ ಕೈಗಾರರು ಇಷ್ಟಪಟ್ಟಿದ್ದು ಅದನ್ನು.

ಒಂಬತ್ತನೇ ಚೆಂಡು:
ಮೂರು ಸಲ ಎಣಿಸಿದೆ. ಅರ್ಧ ಇಂಚಿಗೆ 7. ದಪ್ಪ 8ರ ಹತ್ತಿರ. ಹಿತ್ತಾಳೆ ಮೂತಿಯೂ ಇದೆ! ಶಾಫ್ಟ್ ತಿರುಗಿಸಿ ಬಿಗಿ ಮಾಡುವಾಗ ಕೊನೆಗೆ ಸಣ್ಣಗೆ ‘ಕಿಚ್’ ಅನ್ನುತ್ತದೆ.

ರ‍್ಯಾಕ್ ಹೊಡಿ:
ನೋಡಿದ್ರಾ! ಬಾಲಬುಷ್ಕಾ ಜಾಯಿಂಟ್ ಅದೇ! ಎಲ್ಲೂ ಮಾರಬೇಡಿ, ಯಾರಿಗೂ ಕೊಡಬೇಡಿ, ಬ್ಯಾಂಕ್ ಲಾಕರಿನಲ್ಲಿಡಿ!

ಲೇತಿನ ಮುಂದೆ:
ನಿಧಾನ ಮಾರಾಯ್ರೆ. ಅದೇ ಪಿನ್ ಜಾಸ್‌ನಲ್ಲಿದೆ, ಶೋನ್‌ನಲ್ಲಿದೆ, ಗಸ್ ಸ್ಯಾಂಬೋಟಿ ಮಾಡಿದವುಗಳಲ್ಲೂ ಇದೆ. ಮೇಲಾಗಿ ಕ್ಯೂನಲ್ಲಿ ಬದಲಾಯಿಸಲಾಗದ ಭಾಗ ಅಂತ ಒಂದಿದ್ದರೆ ಅದು ಪಾಯಿಂಟ್ ಮಾತ್ರ. ತುದಿಯ ಚರ್ಮದ ಟಿಪ್ ತಿಂಗಳಿಗೊಮ್ಮೆ ಬದಲಾಗುತ್ತದೆ. ಟಿಪ್ ಕೆಳಗಿನ ಫೆರುಲ್ ಒಡೆಯುತ್ತದೆ. ದಾರ ಕೊಳಕಾಗುತ್ತದೆ, ಬುಡದ ಕ್ಯಾಪ್ ಬಿರುಕು ಬಿಡುತ್ತದೆ, ಶಾಫ್ಟ್ ಬಾಗುತ್ತದೆ. ಪಿನ್ ಕೂಡ ನಾನೇ ಎಷ್ಟೋ ಬದಲಾಯಿಸಿದ್ದೇನೆ. ಪಾಯಿಂಟ್ ಮಾತ್ರ ಮರ ಕೂಡಿಸಿದ ದಿನ ಹೇಗಿತ್ತೋ ಹಾಗೇ ಇರುತ್ತದೆ. ಅದರ ಮಾತು ಕೇಳಿ.

ಹಳೇಮರ:
ಲೇತಿನವರ ಮಾತಿಗೆ ನನ್ನದೂ ಒಪ್ಪಿಗೆ. ಭೂತಗನ್ನಡಿ ತೆಗೆದುಕೊಂಡು ಪಾಯಿಂಟಿನ ತುದಿ ನೋಡಿ.

ತುದಿ ಸೂಜಿಯ ಹಾಗೆ ಚೂಪಾಗಿ ಮುಗಿದಿದ್ದರೆ, ಮರದಲ್ಲಿ ‘ವಿ’ ಆಕಾರದ ತೋಡು ಕೊರೆದು ಇನ್ನೊಂದು ಮರ ಅಂಟಿಸಿ ಆಮೇಲೆ ಲೇತಿನಲ್ಲಿ ತಿರುಗಿಸಿ ದುಂಡಗೆ ಇಳಿಸಿದ್ದಾರೆ ಎಂದರ್ಥ. ತುದಿ ಬೆರಳುಗುರಿನಂತೆ ಗುಂಡಾಗಿದ್ದರೆ ಅದು ಸಾಮಾನ್ಯವಾಗಿ ಯಂತ್ರದಲ್ಲಿ ಗುಳಿ ತೋಡಿ ಕೂರಿಸಿದ್ದು, ಏಕೆಂದರೆ ತಿರುಗುವ ಕಟ್ಟರ್ ತನ್ನ ತ್ರಿಜ್ಯಕ್ಕಿಂತ ಚೂಪಾದ ಮೂಲೆ ಕೊರೆಯಲಾರದು. ಕೆಲವರು ಮೂಲೆಯನ್ನು ಉಳಿಯಿಂದ ತಿದ್ದಿ ಚೂಪು ಮಾಡುತ್ತಾರೆ, ಅದು ಬೇರೆ ಮಾತು. ಇನ್ನು ಭೂತಗನ್ನಡಿಯಲ್ಲಿ ದಿನಪತ್ರಿಕೆಯ ಚಿತ್ರದ ಹಾಗೆ ಚುಕ್ಕಿ ಚುಕ್ಕಿ ಕಂಡರೆ ಅದು ಮರವೇ ಅಲ್ಲ, ವಾರ್ನಿಶ್ ಕೆಳಗಿನ ಸ್ಟಿಕ್ಕರ್. ಅಲ್ಲಿಗೆ ಕಥೆ ಮುಗಿಯಿತು.

ಎರಡನೆಯದು ಇನ್ನೂ ಮುಖ್ಯ. ಹಿಡಿಯ ದಾರ ಮುಗಿದ ಮೇಲೆ ಬುಡದ ಕಡೆಗಿರುವ ಮರ ಯಾವುದು? ಪಾಯಿಂಟಿನ ಮರವೇ, ಬೇರೆಯೇ? ನಡುವೆ ಉಂಗುರ ಅಥವಾ ಜೋಡಣೆಯ ಗೆರೆ ಇದೆಯೇ?

ಒಂಬತ್ತನೇ ಚೆಂಡು:
ತುದಿ ನಾಲ್ಕೂ ಚೂಪು. ಆದರೆ ನಾಲ್ಕೂ ಒಂದೇ ಎತ್ತರಕ್ಕಿಲ್ಲ. ಒಂದು ಪಾಯಿಂಟು ಎದುರಿನದಕ್ಕಿಂತ ಸುಮಾರು 4 ಮಿಲಿಮೀಟರ್ ಗಿಡ್ಡ. ಪಟ್ಟಿಗಳ ದಪ್ಪವೂ ಒಂದು ಕಡೆ ಅಗಲ, ಇನ್ನೊಂದು ಕಡೆ ತೆಳು.

ದಾರದ ಕೆಳಗಿನ ಮರ ಅದೇ ಕಡುಗಂದು. ಉಂಗುರ ಇಲ್ಲ, ಜೋಡಣೆ ಗೆರೆ ಕಾಣುವುದಿಲ್ಲ. ನೀವು ಕೇಳಿದ್ದಕ್ಕೆ ಟಾರ್ಚ್ ಹಿಡಿದು ನೋಡಿದೆ. ಪಾಯಿಂಟ್ ಒಂದರಲ್ಲಿ ಮಧ್ಯದಲ್ಲಿ ಒಂದು ಕಪ್ಪು ಎಳೆ ಇದೆ. ಅದು ದಾರದೊಳಗೆ ಹೋಗಿ, ಅದೇ ನೇರದಲ್ಲಿ ಕೆಳಗೆ ಹೊರಬಂದು ಬುಡದವರೆಗೆ ಹೋಗುತ್ತದೆ. ಕಾಕತಾಳೀಯ ಇರಬಹುದಾ?

ಹಳೇಮರ:
ಕಾಕತಾಳೀಯ ಅಲ್ಲ. ನಿಮ್ಮ ಕ್ಯೂನ ಅರ್ಧ ಜಾತಕ ಆ ಕಪ್ಪು ಎಳೆಯಲ್ಲೇ ಇದೆ.

ಪಾಯಿಂಟ್ ಮಾಡುವುದರಲ್ಲಿ ಎರಡು ಸಂಪ್ರದಾಯ. ಒಂದು, ಮುಂಭಾಗದ ಮರಕ್ಕೆ ನಾಲ್ಕು ತೋಡು ಕೊರೆದು ತುಂಡು ಕೂರಿಸುವುದು. ಅಲ್ಲಿ ಪಾಯಿಂಟುಗಳು ಹಿಡಿಯ ಹತ್ತಿರಕ್ಕೆ ಮುಗಿದುಬಿಡುತ್ತವೆ, ಹಿಡಿಗೊಂದು ಮರ, ಬುಡದ ಭಾಗಕ್ಕೊಂದು ಮರ. ಇನ್ನೊಂದು ಫುಲ್ ಸ್ಪ್ಲೈಸ್. ಮುಂದಿನ ಮೇಪಲ್ ಮತ್ತು ಹಿಂದಿನ ಕಡು ಮರವನ್ನು ಸೀಳಿ, ಎರಡೂ ಕೈಯ ಬೆರಳು ಹೆಣೆದ ಹಾಗೆ ಒಂದರೊಳಗೊಂದು ಕೂಡಿಸುವುದು. ಅಲ್ಲಿ ಪಾಯಿಂಟ್, ಹಿಡಿ, ಬುಡ ಎಲ್ಲ ಒಂದೇ ಮರದ ತುಂಡು. ಅದಕ್ಕೇ ನಿಮ್ಮ ಎಳೆ ದಾರದ ಕೆಳಗೂ ಮುಂದುವರಿದಿದೆ.

ಫುಲ್ ಸ್ಪ್ಲೈಸ್, ನಾಲ್ಕು ಪಾಯಿಂಟು, ಬಣ್ಣದ ವೆನೀರ್ ಪಟ್ಟಿ, ಬುಡದಲ್ಲಿ ಬಿಳಿ ಉಂಗುರ. ನನಗೆ ಮೊದಲು ತೋಚುವುದು ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್. ಆ ಬಿಳಿ ಉಂಗುರವನ್ನು ಇವತ್ತಿಗೂ ‘ಹಾಪಿ ರಿಂಗ್’ ಎಂದೇ ಕರೆಯುತ್ತಾರೆ. 1906ರಿಂದ 1952ರವರೆಗೆ 51 ವಿಶ್ವ ಪ್ರಶಸ್ತಿ ಗೆದ್ದ ಬಿಲಿಯರ್ಡ್ಸ್ ಆಟಗಾರ ವಿಲ್ಲಿ ಹಾಪಿ ಹೆಸರು ಅದು. ಅವರ ಹೆಸರಿನ ಕ್ಯೂಗಳನ್ನು ಮಾರಿದ್ದೂ ಬ್ರನ್ಸ್‌ವಿಕ್ಕೇ.

ಹಸಿರು ಬಟ್ಟೆ:
ನಾನು ಸ್ನೂಕರ್ ಕಡೆಯವನು. ನಮ್ಮಲ್ಲಿ ಬುಡದ ಮೇಲೆ ಕಂಪನಿಯ ಬಿಲ್ಲೆ ಕೂತಿರುತ್ತೆ, ಓದಿದರೆ ಮುಗಿಯಿತು. ನಿಮ್ಮದು ಪೊಲೀಸ್ ತನಿಖೆ ಆಯ್ತಲ್ಲ!

ಚಾಕ್‌ಪುಡಿ:
@ಹಸಿರು ಬಟ್ಟೆ, ಬಿಲ್ಲೆ ಕಿತ್ತು ಬೇರೆ ಕ್ಯೂಗೆ ಅಂಟಿಸೋಕೆ ಎಷ್ಟು ಹೊತ್ತು ಬೇಕು ಹೇಳಿ ನೋಡೋಣ. ಓದೋಕೆ ಬರೋದೆಲ್ಲ ಸುಳ್ಳು ಹೇಳೋಕೂ ಬರುತ್ತೆ. ನಾನು ಒಮ್ಮೆ ಬರೀ ಸಹಿ ನೋಡಿ ಒಂದು ಕ್ಯೂ ಕೊಂಡಿದ್ದೆ. ಮನೆಗೆ ತಂದು ಬೆಳಕಿಗೆ ಓರೆಯಾಗಿ ಹಿಡಿದೆ. ಸಹಿ ಇದ್ದಿದ್ದು ವಾರ್ನಿಶ್ ಮೇಲೆ, ಕೆಳಗಲ್ಲ. ಹಳೇ ವಾರ್ನಿಶ್ ಹಳದಿಯಾಗಿದೆ, ಅದರ ಮೇಲಿನ ಶಾಯಿ ಮಾತ್ರ ನಿನ್ನೆ ಬರೆದಂಗೆ ಕಪ್ಪು. ಮಾರಿದವನ ಹೆಸರು ಇಲ್ಲಿ ಬೇಡ, ಪೆಟ್ಟು ನನಗೆ ಬಿತ್ತಲ್ಲ, ಸಾಕು.

ರ‍್ಯಾಕ್ ಹೊಡಿ:
ಟೈಟ್ಲಿಸ್ಟ್ ಅಂದ್ರೆ ಕ್ಲಬ್ಬಿನ ಗೋಡೆ ಮೇಲೆ ನೇತಾಡ್ತಿದ್ದ ಒಂದೇ ತುಂಡಿನ ಕ್ಯೂ ಅಲ್ವಾ? ಇವರದು ಎರಡು ತುಂಡು, ಸ್ಟೀಲ್ ಜಾಯಿಂಟ್ ಬೇರೆ. ಹೊಂದಲ್ಲ.

ಹಳೇಮರ:
ಹೊಂದುತ್ತದೆ. ಕಥೆ ಇರುವುದೇ ಅಲ್ಲಿ.

ಬ್ರನ್ಸ್‌ವಿಕ್ 1845ರಲ್ಲಿ ಸಿನ್ಸಿನಾಟಿಯಲ್ಲಿ ಶುರುವಾದ ಕಂಪನಿ. ಟೈಟ್ಲಿಸ್ಟ್ ಅವರ ಕ್ಲಬ್ ಕ್ಯೂ, ನೂರಾರು ಜನ ಆಡಲಿ ಅಂತ ಮಾಡಿದ್ದು. ಆದರೆ ಮರ ಒಳ್ಳೆಯದು, ಹೆಣಿಗೆ ಗಟ್ಟಿ. ಆ ಕಾಲದ ಕ್ಯೂ ಮೇಕರ್‌ಗಳಿಗೆ ಸ್ವಂತವಾಗಿ ಪಾಯಿಂಟ್ ಕೊರೆಯುವ ಯಂತ್ರ ಎಲ್ಲಿತ್ತು? ಈ ತಯಾರಾದ ಮರವನ್ನೇ ತೆಗೆದುಕೊಂಡು, ಕತ್ತರಿಸಿ, ಜಾಯಿಂಟ್ ಕೂರಿಸಿ, ಹೊಸದಾಗಿ ಇಳಿಸಿ, ದಾರ ಸುತ್ತಿ ತಮ್ಮ ಕ್ಯೂ ಮಾಡಿಕೊಂಡರು. ಇಂಥವನ್ನು ‘ಕನ್ವರ್ಶನ್’ ಎನ್ನುತ್ತಾರೆ. ಷಿಕಾಗೋದ ಹರ್ಮನ್ ರ‍್ಯಾಂಬೋ ಬ್ರನ್ಸ್‌ವಿಕ್‌ನಲ್ಲೇ ದುಡಿದು ಪಳಗಿದವರು. ಬಾಲಬುಷ್ಕಾ ಕೂಡ ಶುರುವಿನ ವರ್ಷಗಳಲ್ಲಿ ಟೈಟ್ಲಿಸ್ಟ್ ಮರ ಬಳಸಿದರು. ಆಮೇಲೆ ಷಿಕಾಗೋದ ಬರ್ಟನ್ ಸ್ಪೇನ್ ಪಾಯಿಂಟ್ ಕೂಡಿಸಿ ಮಾಡಿಕೊಟ್ಟ ಅರೆತಯಾರಿ ಬ್ಲ್ಯಾಂಕ್‌ಗಳು, ಆಮೇಲೆ ಪೆನ್ಸಿಲ್ವೇನಿಯಾದ ಗಸ್ ಸ್ಯಾಂಬೋಟಿಯವರ ಬ್ಲ್ಯಾಂಕ್‌ಗಳು.

ಹಾಗಾಗಿ ‘ಇದನ್ನು ಯಾರು ಮಾಡಿದರು’ ಅನ್ನುವುದು ಒಂದು ಪ್ರಶ್ನೆಯಲ್ಲ, ಎರಡು. ಮರ ಹೆಣೆದವರು ಯಾರು, ಹೆಣೆದ ಮರವನ್ನು ಕ್ಯೂ ಮಾಡಿದವರು ಯಾರು. ಮೊದಲನೆಯದಕ್ಕೆ ಉತ್ತರ ಬಹುಶಃ ಸಿಕ್ಕಿದೆ.

ರ‍್ಯಾಕ್ ಹೊಡಿ:
ನೋಡಿ ನೋಡಿ, ನೀವೇ ಹೇಳಿದ್ರಿ. ಬಾಲಬುಷ್ಕಾ ಟೈಟ್ಲಿಸ್ಟ್ ಬಳಸ್ತಿದ್ರು. ಇದು ಟೈಟ್ಲಿಸ್ಟ್. ಜಾಯಿಂಟೂ ಅದೇ. ಇನ್ನೇನು ಬೇಕು?

ಚಾಕ್‌ಪುಡಿ:
ನಮ್ಮ ಅಜ್ಜನಿಗೆ ಮೀಸೆ ಇತ್ತು, ಪಟದಲ್ಲಿರೋ ರಾಜನಿಗೂ ಮೀಸೆ ಇದೆ. ಇನ್ನೇನು ಬೇಕು, ಅಲ್ವಾ?

ಒಂಬತ್ತನೇ ಚೆಂಡು:
ಜಗಳ ಬೇಡ. ಇನ್ನೆರಡು ಕೇಳಬೇಕಿತ್ತು. ಬುಡದ ಕ್ಯಾಪ್ ಬಿಳಿ, ನಯವಾಗಿದೆ. ದಂತವೇ? ಬಿಸಿ ಸೂಜಿ ಚುಚ್ಚಿ ನೋಡು ಅಂತ ಪರಿಚಯದವರೊಬ್ಬರು ಹೇಳಿದರು. ಮತ್ತೆ, ದಾರ ಬಿಚ್ಚಿದರೆ ಒಳಗೆ ಏನಾದರೂ ಬರೆದಿರಬಹುದಾ?

ಲೇತಿನ ಮುಂದೆ:
ಸೂಜಿ ಕೆಳಗಿಡಿ. ದಂತವಾಗಿದ್ದರೆ ಕಲೆ ಉಳಿಯುತ್ತದೆ, ಪ್ಲಾಸ್ಟಿಕ್ ಆಗಿದ್ದರೆ ತೂತು ಉಳಿಯುತ್ತದೆ. ಎರಡರಲ್ಲೂ ನಿಮಗೇ ನಷ್ಟ.

ಬುಡದ ಸಮತಟ್ಟಾದ ಮುಖ ನೋಡಿ, ಪಕ್ಕ ಅಲ್ಲ. ಆನೆದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ಹಾಯುವ ಸೂಕ್ಷ್ಮ ಗೆರೆಗಳ ಜಾಲ ಇರುತ್ತದೆ, ಶ್ರೇಗರ್ ಗೆರೆ ಅಂತ. ಹೊರ ಅಂಚಿನ ಹತ್ತಿರ ಅವು ಕೂಡುವ ಕೋನ ಅಗಲ, 115 ಡಿಗ್ರಿಗಿಂತ ಹೆಚ್ಚು. 90ಕ್ಕಿಂತ ಕಡಿಮೆ ಇದ್ದರೆ ಮ್ಯಾಮತ್ ದಂತ. ಗೆರೆಯೇ ಇಲ್ಲದೆ ಹಾಲಿನಂತೆ ಏಕರೂಪವಾಗಿದ್ದರೆ ಪ್ಲಾಸ್ಟಿಕ್. ಡೆಲ್ರಿನ್ ಎಂಬ ಪ್ಲಾಸ್ಟಿಕ್ ಆಗಿದ್ದರೆ ಒಂದು ಸುಳಿವು: ಡ್ಯೂಪಾಂಟ್ ಅದನ್ನು ಮಾರುಕಟ್ಟೆಗೆ ತಂದಿದ್ದು 1960ರಲ್ಲಿ. ಅದಕ್ಕಿಂತ ಹಳೇ ಕ್ಯೂನಲ್ಲಿ ಡೆಲ್ರಿನ್ ಕ್ಯಾಪ್ ಕಂಡರೆ ಯಾರೋ ಬದಲಾಯಿಸಿದ್ದಾರೆ.

ದಾರ ಬಿಚ್ಚಬೇಡಿ. ಮೂಲದ್ದೇ ಆಗಿದ್ದರೆ ಅದೊಂದು ಸಾಕ್ಷಿ, ಬಿಚ್ಚಿದ ಮೇಲೆ ಬರೀ ನೂಲು. ಬುಡದ ರಬ್ಬರ್ ಬಂಪರ್ ಮಾತ್ರ ಸ್ಕ್ರೂ ಬಿಚ್ಚಿ ತೆಗೆಯಿರಿ. ಕ್ಯೂ ಮಾಡಿದವರೋ ರಿಪೇರಿಯವರೋ ಗುರುತು ಬರೆಯುವುದು ಹೆಚ್ಚಾಗಿ ಅಲ್ಲಿ.

ಹಳೇಮರ:
ದಂತದ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಗುರುತಿಸುವುದು ಕುತೂಹಲಕ್ಕಷ್ಟೇ ಅಲ್ಲ. ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1989ರಲ್ಲಿ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿಷೇಧ ಹಾಕಿತು. ಅಮೆರಿಕದೊಳಗೂ 2016ರಿಂದ ನಿಯಮ ಬಹಳ ಬಿಗಿ. ಬ್ರೆಜಿಲಿಯನ್ ರೋಸ್‌ವುಡ್ ಮರವೂ 1992ರಿಂದ ಅದೇ ನಿಷೇಧದ ಪಟ್ಟಿಯಲ್ಲಿದೆ. ಗಡಿ ದಾಟಿಸಿ ಮಾರುವವರಿಗೆ ಕಡು ಮರ ಯಾವುದು ಎನ್ನುವುದು ಮೊದಲ ಪ್ರಶ್ನೆಯಾಗಬೇಕು.

ಒಂಬತ್ತನೇ ಚೆಂಡು:
ಕ್ಯಾಪ್‌ನಲ್ಲಿ ಗೆರೆ ಇಲ್ಲ, ಸಾದಾ ಬಿಳಿ. ಬಂಪರ್ ತೆಗೆದೆ. ಒಳಗೆ ತೂಕದ ಬೋಲ್ಟ್, ಅದರ ಪಕ್ಕ ಪೆನ್ಸಿಲ್‌ನಲ್ಲಿ ‘19½’ ಅಂತಿದೆ. ಹೆಸರಿಲ್ಲ. ಸ್ವಲ್ಪ ಬೇಜಾರಾಯ್ತು ಅನ್ನಿ.

ಲೇತಿನ ಮುಂದೆ:
ತೂಕ ಬರೆದಿದ್ದಾರೆ, ಪಾಪ. ನಾವೆಲ್ಲ ಮಾಡೋದೂ ಅದನ್ನೇ.

ಬೇಜಾರಾಗಬೇಡಿ, ಒಂದು ಪರೀಕ್ಷೆ ಉಳಿದಿದೆ. ನೀವು ಶುರುವಿನಲ್ಲೇ ಹೇಳಿದ 57 ಇಂಚು ನನ್ನ ತಲೆಯಲ್ಲಿ ಕೊರೀತಾ ಇತ್ತು. ಕ್ಲಬ್ ಕ್ಯೂ ಉದ್ದ ಅದು. ಹೊಸ ಶಾಫ್ಟ್ ಮಾಡುವವರು ಉದ್ದವನ್ನು ತಮಗೆ ಬೇಕಾದ ಹಾಗೆ ಇಟ್ಟುಕೊಳ್ಳುತ್ತಾರೆ. ಒಂದೇ ತುಂಡಿನ ಕ್ಯೂವನ್ನು ನಡುವೆ ಗರಗಸದಲ್ಲಿ ಕೊಯ್ದು, ಮೇಲಿನ ಅರ್ಧವನ್ನೇ ಶಾಫ್ಟ್ ಮಾಡಿಕೊಂಡವರಿಗೆ ಮಾತ್ರ ಹಳೇ ಉದ್ದವೇ ಗತಿ.

ಹೀಗೆ ಮಾಡಿ. ಶಾಫ್ಟ್ ಜೋಡಿಸಿ, ಪೂರ್ತಿ ಬಿಗಿ ಮಾಡಬೇಡಿ. ಕಿಟಕಿ ಬೆಳಕಿನಲ್ಲಿ ಜಾಯಿಂಟಿನ ಕೆಳಗಿನ ಮೇಪಲ್‌ನ ಗೆರೆಗಳನ್ನೂ ಮೇಲಿನ ಶಾಫ್ಟಿನ ಗೆರೆಗಳನ್ನೂ ಒಟ್ಟಿಗೆ ನೋಡಿ. ಶಾಫ್ಟನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತಾ ಹೋಗಿ. ಒಂದೇ ಮರದ್ದಾದರೆ ಸುತ್ತಿನ ಒಂದು ಜಾಗದಲ್ಲಿ ಗೆರೆಗಳು ಕಾಲರ್ ದಾಟಿ ಒಂದಕ್ಕೊಂದು ಕೂಡಬೇಕು. ಪೂರ್ತಿ ಬಿಗಿಯಾದಾಗ ಕೂಡದೇ ಇರಬಹುದು. ಏಣು ಎಲ್ಲಿ ನಿಲ್ಲಿಸುತ್ತದೋ ಅಲ್ಲಿ ನಿಲ್ಲುತ್ತದೆ, ಮರ ಕೇಳಿ ನಿಲ್ಲುವುದಿಲ್ಲ.

ಒಂಬತ್ತನೇ ಚೆಂಡು:
ಬೆಳಗ್ಗೆ ಬಿಸಿಲು ಬರಲಿ ಅಂತ ಕಾದೆ.

ಬಿಗಿ ಮಾಡಿದಾಗ ಏನೂ ಕೂಡಲಿಲ್ಲ. ಕಾಲು ಸುತ್ತು ಹಿಂದಕ್ಕೆ, ಇಲ್ಲ. ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು ಹೋದಾಗ ಸರಕ್ಕನೆ ಕೂಡಿತು. ಕೆಳಗೆ ಹತ್ತಿರ ಹತ್ತಿರ ಮೂರು ಗೆರೆ, ಆಮೇಲೆ ಒಂದು ಅಗಲ ಜಾಗ, ಆಮೇಲೆ ಬಾಣದ ತುದಿಯಂತೆ ಬಾಗಿದ ಒಂದು ಗೆರೆ. ಮೇಲೆಯೂ ಅದೇ ಮೂರು, ಅದೇ ಜಾಗ, ಅದೇ ಬಾಗು. ಕ್ಯೂ ಸುತ್ತ ತಿರುಗಿಸಿ ಎಲ್ಲ ಕಡೆ ನೋಡಿದೆ, ಎಲ್ಲ ಕಡೆಯೂ ಹಾಗೇ. ನಡುವೆ ಸ್ಟೀಲ್ ಮಾತ್ರ ಅಡ್ಡ. ಸುಮಾರು ಹೊತ್ತು ಹಾಗೇ ಹಿಡಿದುಕೊಂಡು ಕೂತಿದ್ದೆ.

ಹಳೇಮರ:
ಹಾಗಾದರೆ ಇದು ಒಂದೇ ತುಂಡಾಗಿ ಹುಟ್ಟಿದ ಕ್ಯೂ. ಟೈಟ್ಲಿಸ್ಟ್ ಮಾದರಿಯ ಫುಲ್ ಸ್ಪ್ಲೈಸ್, ಆಮೇಲೆ ಯಾರೋ ಕೊಯ್ದು ಜಾಯಿಂಟ್ ಹಾಕಿದ್ದಾರೆ. ಹೆಸರಿದ್ದ ಕೈಗಾರ ಬ್ಲ್ಯಾಂಕ್ ಕೊಂಡರೆ ಶಾಫ್ಟನ್ನು ತಾನು ವರ್ಷಗಟ್ಟಲೆ ಒಣಗಿಸಿಟ್ಟ ಮರದಿಂದಲೇ ಮಾಡುತ್ತಾನೆ. ಅವನ ಹೆಸರು ನಿಲ್ಲುವುದು ಶಾಫ್ಟಿನ ಹೊಡೆತದ ಮೇಲೆ. ಇಲ್ಲಿ ಹಾಗಾಗಿಲ್ಲ. ನನ್ನ ಮಟ್ಟಿಗೆ ಬಾಲಬುಷ್ಕಾ ಎನ್ನುವ ಮಾತು ಇಲ್ಲಿಗೆ ಬಿತ್ತು.

ರ‍್ಯಾಕ್ ಹೊಡಿ:
ಯಾರೋ ಗಿರಾಕಿ ಬಂದು ‘ನನ್ನ ಕ್ಯೂನೇ ಕೊಯ್ದು ಕೊಡಿ, ಶಾಫ್ಟ್ ಬೇರೆ ಬೇಡ’ ಅಂತ ಬಾಲಬುಷ್ಕಾಗೇ ಹೇಳಿರಬಹುದಲ್ವಾ?

ಹಳೇಮರ:
ಹೇಳಿರಬಹುದು. ರಸೀದಿ, ಪತ್ರ, ಆ ಕಾಲದ ಒಂದು ಫೋಟೋ ಇದ್ದರೆ ನಾನೇ ಮೊದಲು ಒಪ್ಪುತ್ತೇನೆ. ಚೀಟಿಯಲ್ಲಿ ಇರುವುದು ಕೊಂಡವರ ಕೈಬರಹ, ಮಾಡಿದವರದಲ್ಲ.

ಲೇತಿನ ಮುಂದೆ:
ಒಂದು ಮಾತು ಮಾತ್ರ ಸೇರಿಸುತ್ತೇನೆ. ಕೊಯ್ದವನು ಅಡ್ನಾಡಿ ಅಲ್ಲ. ಹಳೇ ಕ್ಯೂ ನಡುವೆ ತೂತು ಕೊರೆದು ಪಿನ್ ನೇರಕ್ಕೆ ಕೂರಿಸುವುದು ಸುಲಭವಲ್ಲ, ಮರ ಒಣಗಿ ಬಾಗಿರುತ್ತದೆ. ಜೋಡಿಸಿ ಮೇಜಿನ ಮೇಲೆ ಉರುಳಿಸಿ. ಟಿಪ್ ಕುಣಿಯುತ್ತದಾ ನೋಡಿ.

ಒಂಬತ್ತನೇ ಚೆಂಡು:
ಉರುಳಿಸಿದೆ. ಟಿಪ್ ಕುಣಿಯಲಿಲ್ಲ. ಜಾಯಿಂಟ್ ಹತ್ತಿರ ಕೆಳಗಿನಿಂದ ಬೆಳಕಿನ ಎಳೆ ಕಂಡಿತು, ಆದರೆ ಸುತ್ತಿಗೂ ಒಂದೇ ದಪ್ಪ.

ಲೇತಿನ ಮುಂದೆ:
ಹಾಗಾದರೆ ಆ ಪುಣ್ಯಾತ್ಮನಿಗೊಂದು ನಮಸ್ಕಾರ. ಆಡಿ ಅದರಲ್ಲಿ.

ಚಾಕ್‌ಪುಡಿ:
ಚೀಟಿ ಏನು ಮಾಡಿದ್ರಿ?

ಒಂಬತ್ತನೇ ಚೆಂಡು:
ಎಸೆದಿಲ್ಲ, ಮಾವನ ಅಕ್ಷರ ಅಲ್ವಾ. ಚೀಲದಲ್ಲೇ ಇದೆ. ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟೆ: ‘ಮರ ಬಹುಶಃ ಬ್ರನ್ಸ್‌ವಿಕ್. ಕೊಯ್ದವರು ಗೊತ್ತಿಲ್ಲ. 5/16-14. ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು ಹಿಂದಕ್ಕೆ ತಿರುಗಿಸಿ ನೋಡಿ.’